ಒಲೆಯೂ ಕೋಡೊಲೆಯೂ

ಧಾರವಾಡ ಜಿಲ್ಲೆಯ ಪೂರ್ವಕ್ಕೆ ಹರಡಿರುವ ಎರೆಯ ಸೀಮೆಗೆ ಬೆಳವಲವೆಂಬುದು ಹಳೆಯ ಹೆಸರು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲುದಾರಿಯಲ್ಲಿರುವ ಅಣ್ಣಿಗೇರಿ ಈ ಸೀಮೆಯ ಪ್ರಾಚೀನವಾದ ಊರು. ಇಲ್ಲಿ ಕಣ್ಣು ಹಾಯುವವರೆಗೂ ಕಪ್ಪು ನೆಲ. ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿಗಳ ಹೊಲಗಳು. ನೆಲ ಎಷ್ಟು ಫಲವತ್ತಾದುದೋ ಮರಗಳ ವಿಷಯದಲ್ಲಿ ಅಷ್ಟೇ ಬಡವಾದುದು. ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆಗೆ ಮೋಟುಮರದ ದಿಮ್ಮಿಯನ್ನು ತುರುಕಿ ಮರೆತುಬಿಡಬಹುದು. ಬೆಳವಲದ ಗೃಹಿಣಿಗೆ ಆ ಭಾಗ್ಯವಿಲ್ಲ. ಅವಳ ಪಾಲಿಗೆ ಬಂದಿರುವ ಉರುವಲೆಂದರೆ ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಬದುವಿನ ಜಾಲಿ, ಅದೂ ತೀರಿದರೆ ಕುಳ್ಳು.

ಪುಷ್ಯಮಾಸದ ಮುಂಜಾವನ್ನು ನೆನೆಯಿರಿ. ಮಳೆಗಾಲವೆಲ್ಲ ನೀರು ಕುಡಿದ ಎರೆಯ ಮೇಲಿಂದ ಥಂಡಿಗಾಳಿ ಬೀಸುತ್ತಿರುತ್ತದೆ. ಬಚ್ಚಲಿನಲ್ಲಿ ಹಂಡೆಯ ಕೆಳಗೆ ಉರಿ ಹಚ್ಚಿ ಅರ್ಧ ಗಂಟೆ ಕಳೆದಿದೆ. ಕೈ ಅದ್ದಿ ನೋಡಿದರೆ ನೀರು ಇನ್ನೂ ಉಗುರುಬೆಚ್ಚಗೂ ಆಗಿಲ್ಲ. ಆದರೆ ಮಿಂದವರೊಬ್ಬರು ಹೊರಗೆ ಬಂದು, ಹಂಡೆಗೆ ಮತ್ತೆ ತಣ್ಣೀರು ಸುರಿದರೆ, ಈ ಎರಡನೆಯ ಹಂಡೆ ಮೊದಲಿನದಕ್ಕಿಂತ ಬಹಳ ಬೇಗ ಕಾಯುತ್ತದೆ. ಉರಿ ಅದೇ, ಹಂಡೆ ಅದೇ, ನೀರಿನ ಅಳತೆಯೂ ಅದೇ. ಹಾಗಿದ್ದರೆ ಮೊದಲನೆಯ ಹಂಡೆಯ ಕಾಲದಲ್ಲಿ ಶಾಖವೆಲ್ಲ ಎಲ್ಲಿಗೆ ಹೋಯಿತು? ನಿತ್ಯವೂ ಕಾಣುವ ಸಂಗತಿಯಾದುದರಿಂದ ನಾವು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಉತ್ತರವನ್ನು ಹುಡುಕುವ ಮೊದಲು ನಮ್ಮ ಹಿರಿಯರು ಮಾಡಿಕೊಂಡಿದ್ದ ಒಂದು ಜಾಣ ಏರ್ಪಾಡನ್ನು ಗಮನಿಸಬೇಕು. ಹಳೆಯ ಅಡುಗೆಮನೆಗಳಲ್ಲಿ ದೊಡ್ಡ ಒಲೆಯ ಪಕ್ಕಕ್ಕೆ ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚಿಕ್ಕ ಒಲೆ ಇರುತ್ತದೆ. ಇದಕ್ಕೆ ಕೋಡೊಲೆಯೆಂದು ಹೆಸರು. ಕೋಡೊಲೆಗೆ ಬೇರೆ ಉರಿಯಿಲ್ಲ. ದೊಡ್ಡ ಒಲೆಯಲ್ಲಿ ರೊಟ್ಟಿಯ ಹಂಚಿಗೆ ತಾಗಿ ಹೊರಡುವ ಜ್ವಾಲೆಯೂ ಬಿಸಿ ಅನಿಲವೂ ನಡುವಿನ ರಂಧ್ರದ ಮೂಲಕ ಹಾದು ಕೋಡೊಲೆಯ ಮೇಲಿನ ಪಾತ್ರೆಯನ್ನು ಕಾಯಿಸುತ್ತವೆ. ಒಂದೇ ಉರಿಯಿಂದ ರೊಟ್ಟಿಯೂ ಬೇಯುತ್ತದೆ, ಬೇಳೆಯೂ ಬೇಯುತ್ತದೆ. ರೊಟ್ಟಿಯ ಕೆಲಸ ಮುಗಿಯುವ ಹೊತ್ತಿಗೆ ಒಂದು ಕೊಡ ನೀರೂ ಕಾದಿರುತ್ತದೆ. ಇಂದು ಎಂಜಿನಿಯರರು ಸಂಯುಕ್ತ ತಾಪನ ವ್ಯವಸ್ಥೆಯೆಂದು ಕರೆಯುವುದರ ತಿರುಳು ಈ ಮಣ್ಣಿನ ರಚನೆಯಲ್ಲಿ ಅಡಗಿದೆ. ಕೊರತೆಯೊಂದೇ: ಕೋಡೊಲೆಯ ಪಾತ್ರೆ ಬಹಳ ತಡವಾಗಿ ಕಾಯುತ್ತದೆ. ಬಚ್ಚಲ ಹಂಡೆಗೂ ಕೋಡೊಲೆಯ ಕೊಡಕ್ಕೂ ಇರುವ ರೋಗ ಒಂದೇ ಬಗೆಯದು.

ಈಗ ಲೆಕ್ಕಕ್ಕೆ ಬರೋಣ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ೪.೨ ಕಿಲೋಜೌಲ್ ಶಾಖ ಬೇಕು. ಇಪ್ಪತ್ತು ಲೀಟರ್ ನೀರನ್ನು ೨೦ ಡಿಗ್ರಿಯಿಂದ ೪೫ ಡಿಗ್ರಿಗೆ ಏರಿಸಬೇಕಾದರೆ ೨೦ × ೨೫ × ೪.೨, ಅಂದರೆ ೨,೧೦೦ ಕಿಲೋಜೌಲ್ ಸಾಕು. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಹತ್ತಿಕಟ್ಟಿಗೆ ಪೂರ್ಣವಾಗಿ ಉರಿದರೆ ಸುಮಾರು ೧೬,೦೦೦ ಕಿಲೋಜೌಲ್ ಶಾಖ ದೊರೆಯುತ್ತದೆ. ಈ ಪ್ರಕಾರ ಒಬ್ಬರ ಸ್ನಾನದ ನೀರಿಗೆ ೧೩೦ ಗ್ರಾಂ ಕಟ್ಟಿಗೆ, ಎಂದರೆ ಒಂದು ಹಿಡಿಯಷ್ಟು ಕಡ್ಡಿ, ಸಾಕಾಗಬೇಕು! ಇದನ್ನು ಮನೆಯಲ್ಲಿ ಹೇಳಿದರೆ ಅವ್ವ ನಕ್ಕಾಳು. ತೆರೆದ ಒಲೆಗಳಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುವುದು ಸಾಮಾನ್ಯ. ಆದುದರಿಂದ ೧೩೦ ಗ್ರಾಮಿನ ಕೆಲಸಕ್ಕೆ ೧,೩೦೦ ಗ್ರಾಂ ಉರಿಯುತ್ತದೆ. ಉಳಿದ ಒಂಬತ್ತು ಪಾಲನ್ನು ಕದಿಯುವವರು ಯಾರು?

ಮೊದಲನೆಯ ಕಳ್ಳ ಕಟ್ಟಿಗೆಯೊಳಗೇ ಅಡಗಿರುತ್ತಾನೆ. ಒಂದು ಕಿಲೋಗ್ರಾಂ ಹಸಿ ಕಟ್ಟಿಗೆಯಲ್ಲಿ ಕಾಲು ಪಾಲು ನೀರಿದೆಯೆಂದು ಭಾವಿಸಿ. ಆ ೨೫೦ ಗ್ರಾಂ ನೀರನ್ನು ಕುದಿಸಿ ಆವಿ ಮಾಡದೆ ಕಟ್ಟಿಗೆ ಉರಿಯಲಾರದು. ನೀರಿನ ಬಾಷ್ಪೀಕರಣದ ಗುಪ್ತೋಷ್ಣ ಕಿಲೋಗ್ರಾಮಿಗೆ ೨,೨೬೦ ಕಿಲೋಜೌಲ್ ಎಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಕಾಯಿಸುವುದಕ್ಕೂ ಆವಿ ಮಾಡುವುದಕ್ಕೂ ಸೇರಿ ೬೫೦ ಕಿಲೋಜೌಲ್ ಖರ್ಚಾಗುತ್ತದೆ. ಇದು ನಮ್ಮ ಹಂಡೆಗೆ ಬೇಕಾದ ಶಾಖದ ಮೂರರಲ್ಲಿ ಒಂದು ಪಾಲಿಗೆ ಹತ್ತಿರವಾದುದು. ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಕಟ್ಟಿಗೆ ಕಾದಾಗ ಅದರಿಂದ ದಹನಶೀಲವಾದ ಅನಿಲಗಳು ಹೊರಡುತ್ತವೆ. ಜ್ವಾಲೆಯೆಂದು ನಾವು ಕಾಣುವುದು ಆ ಅನಿಲಗಳು ಉರಿಯುವುದನ್ನೇ. ಆವಿಯಿಂದ ಒಲೆಯ ಒಡಲು ತಣ್ಣಗಾದರೆ ಅವು ಹೊತ್ತಿಕೊಳ್ಳದೆ ಹೊಗೆಯಾಗಿ ಹೋಗುತ್ತವೆ. ಕಣ್ಣನ್ನು ಉರಿಸುವ ಹೊಗೆ ಉರಿಯದೆ ಉಳಿದ ಕಟ್ಟಿಗೆಯೇ. ಊದುಗೊಳವೆ ಹಿಡಿದು ಕೆಮ್ಮುತ್ತ ಕುಳಿತವರು ಉರುವಲನ್ನೂ ಕಳೆದುಕೊಳ್ಳುತ್ತಾರೆ, ಪುಪ್ಪುಸಗಳನ್ನೂ ಕೆಡಿಸಿಕೊಳ್ಳುತ್ತಾರೆ.

ಎರಡನೆಯ ಕಳ್ಳನನ್ನು ನಾವು ಕಳ್ಳನೆಂದು ಗುರುತಿಸುವುದೇ ಇಲ್ಲ. ಅದು ಒಲೆಯ ಮಣ್ಣು. ಹಂಡೆಯ ಸುತ್ತ ಗೇಣುದಪ್ಪದ ಗೋಡೆಯನ್ನು ಎಬ್ಬಿಸಿ ಕಟ್ಟಿದ ಒಲೆಯಲ್ಲಿ ಉರಿಗೆ ಎದುರಾಗಿರುವ ಮಣ್ಣೇ ೧೦೦ ಕಿಲೋಗ್ರಾಂ ಇರಬಹುದು. ಮಣ್ಣಿನ ವಿಶಿಷ್ಟೋಷ್ಣ ನೀರಿನದರ ಸುಮಾರು ಐದರಲ್ಲಿ ಒಂದು ಪಾಲು. ನೀರು ಕಾಯುವ ಹೊತ್ತಿಗೆ ಈ ಮಣ್ಣು ಸರಾಸರಿ ೪೦ ಡಿಗ್ರಿಯಷ್ಟು ಬಿಸಿಯೇರಿದರೆ, ಅದು ಕುಡಿಯುವ ಶಾಖ ಸುಮಾರು ೩,೩೬೦ ಕಿಲೋಜೌಲ್. ನೀರಿಗೆ ಬೇಕಾದದ್ದಾದರೋ ೨,೧೦೦ ಮಾತ್ರ! ನಾವು ಹಂಡೆಯನ್ನು ಕಾಯಿಸುತ್ತಿದ್ದೇವೆಂದು ತಿಳಿದಿರುತ್ತೇವೆ. ನಿಜವಾಗಿ ಮೊದಲ ಅರ್ಧ ಗಂಟೆ ಗೋಡೆಯನ್ನು ಕಾಯಿಸುತ್ತಿರುತ್ತೇವೆ. ಎರಡನೆಯ ಹಂಡೆ ಬೇಗ ಕಾಯುವುದರ ಗುಟ್ಟು ಇದೇ. ಅಷ್ಟರಲ್ಲಿ ಗೋಡೆಯ ಹಸಿವು ತಣಿದಿರುತ್ತದೆ.

ಕೆಲವರು ತಪ್ಪನ್ನು ಹಂಡೆಯ ಮೇಲೆ ಹೊರಿಸುವುದುಂಟು: ಹಳೆಯ ಹಂಡೆ ದಪ್ಪ, ಅದಕ್ಕೇ ತಡ ಎಂದು. ಐದು ಕಿಲೋಗ್ರಾಂ ತಾಮ್ರವನ್ನು ೨೫ ಡಿಗ್ರಿ ಏರಿಸಲು ೫೦ ಕಿಲೋಜೌಲ್ ಸಾಕು. ಪಾಪ, ತಾಮ್ರದ ಹಂಡೆ ನಿರಪರಾಧಿ. ಆದರೆ ಅದರ ಒಳಗೆ ಗಡಸು ನೀರಿನಿಂದ ವರ್ಷಗಟ್ಟಲೆ ಕಟ್ಟಿಕೊಂಡ ಬಿಳಿಯ ಹೆಕ್ಕಳೆಯೂ ಹೊರಗೆ ಕೈಗೆ ಉದುರುವಷ್ಟು ದಪ್ಪವಾದ ಮಸಿಯೂ ಶಾಖದ ವಹನಕ್ಕೆ ಅಡ್ಡಿಯಾಗುತ್ತವೆ. ತಳ ಕಪ್ಪಾಗಿದ್ದರೆ ಕೆಡುಕಿಲ್ಲ; ಕಪ್ಪು ಮೈ ಕೆಂಡದ ವಿಕಿರಣವನ್ನು ಚೆನ್ನಾಗಿಯೇ ಹೀರುತ್ತದೆ. ಆದುದರಿಂದ ತಳವನ್ನು ಹುಣಿಸೆಹಣ್ಣು ಹಚ್ಚಿ ಕನ್ನಡಿಯಂತೆ ಬೆಳಗಬೇಕಾಗಿಲ್ಲ. ಪದರುಗಟ್ಟಿದ ಮಸಿಯನ್ನು ಕೆರೆದು ತೆಗೆದರೆ ಸಾಕು. ಹಂಡೆಯ ಬಾಯಿಗೆ ಮುಚ್ಚಳ ಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರು ಗ್ರಾಂ ನೀರು ಆವಿಯಾಗಿ ಹಾರಿದರೂ ೨೩೦ ಕಿಲೋಜೌಲ್ ಅದರೊಡನೆ ಹಾರಿತೆಂದೇ ಅರ್ಥ.

ಮೂರನೆಯ ಕಳ್ಳ ಎಲ್ಲರಿಗಿಂತ ದೊಡ್ಡವನು. ಅವನು ಬಿಸಿ ಅನಿಲ. ಜ್ವಾಲೆಯಿಂದ ಹೊರಟ ಅನಿಲ ಹಂಡೆಯ ಮೈಯನ್ನು ಸವರಿಕೊಂಡು ಹೋದರೆ ತನ್ನ ಶಾಖವನ್ನು ಅದಕ್ಕೆ ಕೊಡುತ್ತದೆ. ಹಂಡೆಗೂ ಒಲೆಯ ಗೋಡೆಗೂ ನಡುವೆ ಅಂಗೈ ಅಗಲ ಸಂದಿಯಿದ್ದರೆ ಅನಿಲ ಗೋಡೆಯ ಬದಿಯಿಂದ ಹಾಯಾಗಿ ಮೇಲೇರಿ, ಹಂಡೆಯ ಗೊಡವೆಗೇ ಹೋಗದೆ ಬೆಳಕಿಂಡಿಯ ದಾರಿ ಹಿಡಿಯುತ್ತದೆ. ಸಂದಿಯನ್ನು ಬೆರಳಿನಷ್ಟು ಕಿರಿದು ಮಾಡಿದರೆ ಅದು ಹಂಡೆಯನ್ನು ತಾಗದೆ ಹೋಗಲಾರದು. ತೀರ ಕಿರಿದಾದರೆ ಉರಿಯ ಉಸಿರೇ ಕಟ್ಟಿ ಹೊಗೆ ಬಾಯಿಂದ ಹಿಂದಕ್ಕೆ ನುಗ್ಗುತ್ತದೆ. ಕೋಡೊಲೆಯಲ್ಲಿ ಈ ಹದ ಇನ್ನೂ ನಾಜೂಕಾದುದು. ನಡುವಿನ ರಂಧ್ರವು ಅನಿಲವನ್ನು ನೇರವಾಗಿ ಎರಡನೆಯ ಪಾತ್ರೆಯ ತಳಕ್ಕೆ ಬಡಿಯುವಂತೆ ಮೇಲ್ಮುಖವಾಗಿರಬೇಕು. ಅನೇಕ ಕೋಡೊಲೆಗಳಲ್ಲಿ ಅದು ಆಳವಾದ ಹೊಂಡಕ್ಕೆ ತೆರೆದಿರುತ್ತದೆ. ಪಾತ್ರೆಯ ತಳ ಮೇಲೆಲ್ಲೋ ಇರುತ್ತದೆ. ಹೊಂಡವನ್ನು ಮಣ್ಣಿನಿಂದ ತುಂಬಿ ತಳದ ಕೆಳಗೆ ಎರಡು ಬೆರಳಿನಷ್ಟು ಜಾಗವನ್ನು ಮಾತ್ರ ಉಳಿಸಿದರೆ ಅದೇ ಉರಿಗೆ ಕೋಡೊಲೆಯ ನೀರು ಬೇಗನೆ ಕಾಯುತ್ತದೆ. ಕಾಸು ಖರ್ಚಿಲ್ಲದ ಈ ತಿದ್ದುಪಡಿಗೆ ಬೇಕಾದುದು ಒಂದು ಬುಟ್ಟಿ ಮಣ್ಣು, ಒಂದು ಮಧ್ಯಾಹ್ನದ ಬಿಡುವು.

ಈ ವಿಚಾರಗಳನ್ನು ಪ್ರಯೋಗಾಲಯಕ್ಕೆ ಒಯ್ದವರೂ ಇದ್ದಾರೆ. ೧೯೫೦ರ ದಶಕದ ಆರಂಭದಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿ, ಹೊಗೆಯಿಲ್ಲದ ಅಡುಗೆಮನೆ ಬಡವರಿಗೂ ಸಾಧ್ಯವೆಂದು ಪ್ರಚಾರ ಮಾಡಿದರು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದು ಅದರ ಗುರಿ. ಇಲ್ಲಿಯ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಎಲ್ಲೆಲ್ಲಿ ಎಷ್ಟೆಷ್ಟು ಶಕ್ತಿ ವ್ಯಯವಾಗುತ್ತದೆಂದು ಅಳೆದರು. ಹಳ್ಳಿಯ ಶಕ್ತಿಯ ಬಳಕೆಯಲ್ಲಿ ಬಹುದೊಡ್ಡ ಪಾಲು ಒಲೆಯ ಉರುವಲಿನದೆಂಬುದು ಆಗ ಅಂಕಿಗಳಲ್ಲಿ ಸ್ಪಷ್ಟವಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಈ ಘಟಕದಿಂದ ಹೊರಬಂದ 'ಅಸ್ತ್ರ ಒಲೆ' ನಮ್ಮ ಕೋಡೊಲೆಯ ಸುಶಿಕ್ಷಿತ ತಂಗಿಯೆನ್ನಬಹುದು. ಉರಿಯುವ ಗೂಡು ಎಲ್ಲ ಕಡೆಯಿಂದ ಮುಚ್ಚಿರುತ್ತದೆ. ಕಟ್ಟಿಗೆ ಜಾಳಿಗೆಯ ಮೇಲೆ ಕುಳಿತು ಕೆಳಗಿನಿಂದ ಗಾಳಿ ಪಡೆಯುತ್ತದೆ. ಅನಿಲವು ಒಂದರ ಹಿಂದೊಂದಾಗಿ ಮೂರು ಪಾತ್ರೆಗಳ ತಳವನ್ನು ತಾಗಿ ಹೊಗೆಕೊಳವೆಗೆ ಸೇರುತ್ತದೆ. ಪರೀಕ್ಷೆಗಳಲ್ಲಿ ಅದರ ದಕ್ಷತೆ ಶೇಕಡ ೩೦ನ್ನು ಮೀರಿತ್ತು.

ಹಾಗಾದರೆ ಇಂದು ಪ್ರತಿ ಮನೆಯಲ್ಲಿಯೂ ಈ ಒಲೆ ಏಕಿಲ್ಲ? ೧೯೮೦ರ ದಶಕದಲ್ಲಿ ಆರಂಭವಾಗಿ ೨೦೦೨ರ ವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಲಕ್ಷಗಟ್ಟಲೆ ಒಲೆಗಳು ಕಟ್ಟಲ್ಪಟ್ಟವು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಇದನ್ನು ಹಳ್ಳಿಯವರ ಅಜ್ಞಾನವೆಂದು ಬರೆದವರುಂಟು. ನನಗೆ ಹಾಗೆ ತೋರುವುದಿಲ್ಲ. ಕಟ್ಟುವವನು ಸಂದಿಯ ಅಳತೆಯಲ್ಲಿ ಒಂದು ಅಂಗುಲ ತಪ್ಪಿದರೆ ಎರಡನೆಯ ಪಾತ್ರೆ ಕಾಯುತ್ತಿರಲಿಲ್ಲ. ಹೊಗೆಕೊಳವೆಯ ಮಸಿ ತೆಗೆಯುವುದನ್ನು ಯಾರೂ ಕಲಿಸಿರಲಿಲ್ಲ. ಕಿರಿದಾದ ಬಾಯಿಗೆ ಉದ್ದನೆಯ ಹತ್ತಿಕಟ್ಟಿಗೆಯನ್ನು ಮುರಿದು ಮುರಿದು ಹಾಕಬೇಕಾಗುತ್ತಿತ್ತು. ಹೊಲದಿಂದ ದಣಿದು ಬಂದವಳಿಗೆ ಕಟ್ಟಿಗೆ ಮುರಿಯುವುದೂ ಒಂದು ಕೆಲಸವೇ. ಉರುವಲು ಎಷ್ಟು ಉಳಿಯಿತೆಂದು ವಿಜ್ಞಾನಿ ತೂಗಿ ನೋಡಿದ. ಹೊತ್ತು ಎಷ್ಟು ಉಳಿಯಿತೆಂದು ಗೃಹಿಣಿ ನೋಡಿದಳು. ಮುಂಜಾನೆಯ ಗಡಿಬಿಡಿಯಲ್ಲಿ ತಡವಾಗಿ ಕಾಯುವ ಒಲೆ ಎಷ್ಟೇ ಮಿತವ್ಯಯಿಯಾಗಿದ್ದರೂ ಅವಳಿಗೆ ಬೇಡವಾಯಿತು.

ಹೊಗೆಕೊಳವೆಯ ಒಲೆಗೆ ಒಂದು ವಿಶೇಷ ತೊಡಕೂ ಇದೆ. ಕೊಳವೆಯೊಳಗಿನ ಬಿಸಿ ಗಾಳಿ ಹಗುರವಾಗಿ ಮೇಲೇರುವುದರಿಂದ ಅದರ ಸೆಳೆತ ಹುಟ್ಟುತ್ತದೆ. ಉರಿ ಹಚ್ಚಿದ ಗಳಿಗೆಯಲ್ಲಿ ಕೊಳವೆಯಿನ್ನೂ ತಣ್ಣಗಿರುತ್ತದೆ, ಸೆಳೆತವಿಲ್ಲ, ಹೊಗೆ ಮುಖಕ್ಕೆ ಬಡಿಯುತ್ತದೆ. ಮೊದಲು ಒಂದು ಹಿಡಿ ಒಣಹುಲ್ಲನ್ನು ಕೊಳವೆಯ ಬುಡದಲ್ಲಿ ಭಗ್ಗನೆ ಉರಿಸಿ ಅದನ್ನು ಎಚ್ಚರಿಸಿ, ಆಮೇಲೆ ಕಟ್ಟಿಗೆಗೆ ಉರಿ ಹಚ್ಚಿದರೆ ಈ ತೊಡಕು ತಪ್ಪುತ್ತದೆ.

ಮಣ್ಣು ಶಾಖವನ್ನು ಕುಡಿಯುವುದು ಎಲ್ಲೆಡೆಯೂ ದೋಷವೇ? ಕೊರಿಯಾ ದೇಶದ ಹಳ್ಳಿಮನೆಗಳಲ್ಲಿ 'ಒಂಡೋಲ್' ಎಂಬ ಪದ್ಧತಿಯಿದೆ. ಅಡುಗೆಯ ಒಲೆಯಿಂದ ಹೊರಟ ಬಿಸಿ ಹೊಗೆಯನ್ನು ಪಕ್ಕದ ಕೋಣೆಯ ನೆಲಗಲ್ಲುಗಳ ಅಡಿಯಲ್ಲಿ ಹಾಯಿಸಿ ಆಚೆ ಬದಿಯ ಕೊಳವೆಯಿಂದ ಹೊರಗೆ ಬಿಡುತ್ತಾರೆ. ದಪ್ಪ ಕಲ್ಲು ಕಾಯಲು ಬಹಳ ಹೊತ್ತು ಹಿಡಿಯುತ್ತದೆ. ಆದರೆ ಸಂಜೆ ಕುಡಿದ ಶಾಖವನ್ನು ಅದು ರಾತ್ರಿಯೆಲ್ಲ ನಿಧಾನವಾಗಿ ಬಿಟ್ಟುಕೊಡುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಜನರು ಬೆಚ್ಚಗೆ ಮಲಗುತ್ತಾರೆ. ಅಲ್ಲಿ ನಿಧಾನವೇ ಗುಣ. ಅಣ್ಣಿಗೇರಿಯ ಚಳಿಯಾದರೋ ವರ್ಷದಲ್ಲಿ ಎರಡು ಮೂರು ತಿಂಗಳು, ದಿನದಲ್ಲಿ ಬೆಳಗಿನ ಕೆಲವು ಗಳಿಗೆ. ಕೋಣೆಯನ್ನು ಕಾಯಿಸುವ ಅಗತ್ಯ ನಮಗಿಲ್ಲ. ಸ್ನಾನವಾದ ಮೇಲೆ ಗೋಡೆಯಲ್ಲಿ ಉಳಿದ ಶಾಖ ಯಾರಿಗೂ ಉಪಯೋಗವಾಗದೆ ಬಿಸಿಲೇರುವ ಹೊತ್ತಿಗೆ ಬಚ್ಚಲನ್ನು ಬೇಗೆಯಾಗಿಸುತ್ತದೆ.

ಆದುದರಿಂದ ನಮ್ಮ ಒಲೆಯ ಒಳಮೈ ತೆಳುವಾಗಿರಬೇಕು. ಎರಡು ಮೂರು ಬೆರಳು ದಪ್ಪದ ಒಳಗೋಡೆ, ಅದರ ಹಿಂದೆ ಬೂದಿ ತುಂಬಿದ ಪೊಳ್ಳು, ಅದರಾಚೆಗೆ ಭಾರ ಹೊರುವ ಹೊರಗೋಡೆ: ಹೀಗೆ ಕಟ್ಟಿದರೆ ಶಾಖ ಒಳಗೋಡೆಯನ್ನು ಬೇಗ ಕಾಯಿಸಿ ಅಲ್ಲಿಯೇ ತಡೆಯುತ್ತದೆ. ಹಗುರಾದ ಬೂದಿಯ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಮುಂದಕ್ಕೆ ಬಿಡುವುದಿಲ್ಲ. ಬೂದಿಗೆ ನಮ್ಮಲ್ಲಿ ಬರವಿಲ್ಲವಷ್ಟೆ. ಒಳಗೋಡೆಯ ಮಣ್ಣಿಗೆ ಹೊಟ್ಟು ಬೆರೆಸಿ ಕಲಸಿದರೆ, ಹೊಟ್ಟು ಸುಟ್ಟುಹೋಗಿ ಸಣ್ಣ ಸಣ್ಣ ಪೊಳ್ಳುಗಳು ಉಳಿದು ಗೋಡೆ ಮತ್ತಷ್ಟು ಹಗುರಾಗುತ್ತದೆ. ಎರೆಮಣ್ಣೊಂದನ್ನೇ ಬಳಸಬಾರದು, ಒಣಗುವಾಗ ಅದು ಹೊಲದಂತೆಯೇ ಬಿರುಕು ಬಿಡುತ್ತದೆ. ಬಿರುಕಿನಿಂದ ನುಗ್ಗುವ ತಣ್ಣನೆಯ ಗಾಳಿ ಉರಿಯ ಕಾವನ್ನು ತಗ್ಗಿಸುತ್ತದೆ.

ಕೆಲಸದ ಸರದಿಯೂ ಒಂದು ಉಪಾಯವೇ. ಅಡುಗೆಯ ಒಲೆ ರೊಟ್ಟಿಯಿಂದ ಕಾದಿರುವಾಗ ಬಚ್ಚಲಲ್ಲಿ ತಣ್ಣನೆಯ ಒಲೆಯೊಂದನ್ನು ಹೊಸದಾಗಿ ಕಾಯಿಸುವುದೆಂದರೆ ಗೋಡೆಯ ತೆರಿಗೆಯನ್ನು ಎರಡು ಸಲ ತೆತ್ತಂತೆ. ಉರಿ ಹಚ್ಚುವ ಮೊದಲೇ ಕೋಡೊಲೆಯ ಮೇಲೆ ನೀರು ತುಂಬಿದ ಪಾತ್ರೆಯನ್ನು ಇಟ್ಟುಬಿಟ್ಟರೆ, ರೊಟ್ಟಿ ಮುಗಿಯುವ ಹೊತ್ತಿಗೆ ಆ ನೀರು ಅರ್ಧ ದಾರಿ ನಡೆದಿರುತ್ತದೆ. ಕಡೆಯ ರೊಟ್ಟಿ ಬೆಂದ ಮೇಲೆ ಆ ಪಾತ್ರೆಯನ್ನೇ ದೊಡ್ಡ ಒಲೆಯ ಮೇಲಕ್ಕೆ ಸರಿಸಿ, ಕಟ್ಟಿಗೆಯನ್ನು ಹಿಂದೆಗೆದು, ಕೆಂಡವನ್ನು ಕೆಳಗೆ ಕೂಡಿಸಿ, ಒಲೆಯ ಬಾಯಿಗೆ ಒಂದು ಹಂಚಿನ ಚೂರನ್ನು ಅರ್ಧ ಮರೆಮಾಡಿದರೆ ಉಳಿದ ದಾರಿಯನ್ನು ಕೆಂಡವೂ ಬಿಸಿ ಗೋಡೆಯೂ ನಡೆಸಿಕೊಡುತ್ತವೆ. ಗಾಳಿಯಾಡುವ ಅಡುಗೆಮನೆಯಲ್ಲಿ ಮಾತ್ರ ಹೀಗೆ ಮಾಡಬೇಕು. ಮುಚ್ಚಿದ ಬಚ್ಚಲಿನಲ್ಲಿ ಕೆಂಡವಿಟ್ಟುಕೊಂಡು ಮೀಯುವುದು ಪ್ರಾಣಾಂತಕ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವುದರೊಳಗೆ ಎದ್ದು ಹೊರಗೆ ಬರುವ ಶಕ್ತಿ ಉಡುಗಿರುತ್ತದೆ.

೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಗ್ರಾಮೀಣ ಕುಟುಂಬಗಳಿಗೆ ಅನಿಲದ ಸಿಲಿಂಡರು ಬಂದಿದೆ. ಕೆಲವು ಮಾಳಿಗೆಗಳ ಮೇಲೆ ಸೂರ್ಯನ ಶಾಖದಿಂದ ನೀರು ಕಾಯಿಸುವ ಸಾಧನಗಳೂ ಕಾಣುತ್ತವೆ. ಆದರೂ ಚಹಕ್ಕೆ ಅನಿಲವನ್ನು ಹಚ್ಚುವ ಮನೆಯಲ್ಲಿಯೇ ಸ್ನಾನದ ನೀರಿಗೆ ಹತ್ತಿಕಟ್ಟಿಗೆ ಉರಿಯುವುದು ಸಾಮಾನ್ಯ ದೃಶ್ಯ. ಹೊಲದ ಕಟ್ಟಿಗೆಗೆ ದುಡ್ಡು ಕೊಡಬೇಕಾಗಿಲ್ಲ, ಸಿಲಿಂಡರಿಗೆ ಕೊಡಬೇಕು.

ನಿಮ್ಮ ಮನೆಯ ಒಲೆ ಎಷ್ಟು ಕಳ್ಳರನ್ನು ಸಾಕಿಕೊಂಡಿದೆಯೆಂದು ನೀವೇ ಅಳೆಯಬಹುದು. ಶಾಲೆಯಿಂದ ಒಂದು ಉಷ್ಣತಾಮಾಪಕವನ್ನು ಕೇಳಿ ತನ್ನಿ. ಹಿರಿಯರನ್ನು ಹತ್ತಿರ ಇರಿಸಿಕೊಂಡು, ಐದು ಲೀಟರ್ ನೀರನ್ನೂ ತೂಗಿದ ಒಂದು ಕಿಲೋಗ್ರಾಂ ಒಣ ಕಟ್ಟಿಗೆಯನ್ನೂ ತೆಗೆದುಕೊಂಡು, ನೀರು ೪೫ ಡಿಗ್ರಿಗೆ ಏರಲು ಎಷ್ಟು ನಿಮಿಷ ಹಿಡಿಯಿತು, ಎಷ್ಟು ಕಟ್ಟಿಗೆ ಉಳಿಯಿತು ಎಂದು ಬರೆದಿಡಿ. ಮುಚ್ಚಳವಿಲ್ಲದೆ ಒಮ್ಮೆ, ಮುಚ್ಚಳವಿಟ್ಟು ಒಮ್ಮೆ. ಸಂದಿಯನ್ನು ಕಿರಿದು ಮಾಡಿ ಇನ್ನೊಮ್ಮೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಪ್ರಯೋಗಗಳನ್ನು ಒಂದೇ ಮುಂಜಾನೆ ಮಾಡಬಾರದು. ಎರಡನೆಯದರ ಹೊತ್ತಿಗೆ ಒಲೆ ಆಗಲೇ ಕಾದಿರುತ್ತದೆ.